ಅರುವತ್ತು ಸಾವಿರದ ಪೊಟ್ಟಣ

ಕಳೆದ ಸಂಕ್ರಾಂತಿಯಂದು ನ್ಯೂವೆಗೈನ್‌ನ ನಮ್ಮ ಮನೆಯಲ್ಲಿ ಊರಿನ ಕ್ರಮದಂತೆ ನೆಲದ ಮೇಲೆಯೇ ಪಂಕ್ತಿ ಹಾಕಿದ್ದೆವು. ಊಟ ಮುಗಿದು ಎಲ್ಲರೂ ಕೈ ತೊಳೆಯಲು ಎದ್ದರು. ನಾನು ಏಳಲಿಲ್ಲ, ಏಳಲಾಗಲಿಲ್ಲವೆಂಬುದೇ ನಿಜ. ಗೋಡೆ ಹಿಡಿದು, ಮೊಮ್ಮಗನ ಹೆಗಲಿಗೆ ಕೈಯೂರಿ ಹೇಗೋ ನಿಂತೆ. ಕಾಲು ಜೋಮು ಹಿಡಿದಿತ್ತೆಂದು ಸುಳ್ಳು ಹೇಳಿದೆ. ಮುಪ್ಪಿನಲ್ಲಿ ಗಂಡಸರು ಹೇಳುವ ಸುಳ್ಳುಗಳಲ್ಲಿ ಇದೇ ಮೊದಲನೆಯದೆಂದು ಆಮೇಲೆ ಗೆಳೆಯರನ್ನು ವಿಚಾರಿಸಿದಾಗ ತಿಳಿಯಿತು.

ಮೂಳೆ ಸವೆಯುವುದು, ಬಲ ಕುಂದುವುದು ಹೆಂಗಸರ ಬಾಧೆಯೆಂಬ ಭ್ರಮೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ನಾವು ನೆಲೆಸಿರುವುದು ಉತ್ತರ ಅಕ್ಷಾಂಶ 52ರಲ್ಲಿ. ಬೆಂಗಳೂರು ಇರುವುದು 13ರಲ್ಲಿ. ಇಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಬಿಸಿಲು ಕಂಡರೂ ಅದರಿಂದ ಚರ್ಮದಲ್ಲಿ ಡಿ ಜೀವಸತ್ವ ಹುಟ್ಟುವುದು ತೀರ ಅಲ್ಪ. ನಮ್ಮ ಮೈಬಣ್ಣಕ್ಕೆ ಬಿಳಿಯರಿಗಿಂತ ಹೆಚ್ಚು ಹೊತ್ತಿನ ಬಿಸಿಲು ಬೇಕು. ವಯಸ್ಸಾದ ಚರ್ಮವಂತೂ ಅದನ್ನು ಇನ್ನೂ ಕಡಮೆ ತಯಾರಿಸುತ್ತದೆ. ಆದ್ದರಿಂದಲೇ ಡಚ್ ಆರೋಗ್ಯ ಮಂಡಳಿಯು 2012ರಲ್ಲಿ ಕಪ್ಪು ಮೈಬಣ್ಣದವರಿಗೆ ದಿನಕ್ಕೆ 10 ಮೈಕ್ರೋಗ್ರಾಂ, ಎಪ್ಪತ್ತು ದಾಟಿದ ಎಲ್ಲರಿಗೂ 20 ಮೈಕ್ರೋಗ್ರಾಂ ಸೇವಿಸಲು ಸಲಹೆ ನೀಡಿತು. ಆಮ್‌ಸ್ಟರ್‌ಡಾಮಿನ ಸಂಶೋಧಕರು 65 ದಾಟಿದವರನ್ನು ಮೂರು ವರ್ಷ ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಜೀವಸತ್ವ ತೀರ ಕಡಮೆಯಿದ್ದವರ ಕೈಹಿಡಿತದ ಬಲ ಕುಂದುವ ಸಂಭವ ಸಾಕಷ್ಟಿದ್ದವರಿಗಿಂತ ಎರಡು ಪಟ್ಟಿಗೂ ಮಿಗಿಲಾಗಿತ್ತು.

ಇಷ್ಟು ಓದಿದೊಡನೆ ನಮ್ಮವರ ಕೈ ಎಲ್ಲಿಗೆ ಹೋಗುತ್ತದೆಂದು ನಾನು ಬಲ್ಲೆ. ನನ್ನ ಕೈಯೂ ಅಲ್ಲಿಗೇ ಹೋಗಿತ್ತು. ಬೆಂಗಳೂರಿನಿಂದ ಬರುವ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಚಟ್ನಿಪುಡಿಗಳ ನಡುವೆ ಅರುವತ್ತು ಸಾವಿರ ಯೂನಿಟ್ಟಿನ ಪೊಟ್ಟಣಗಳೂ ಇರುತ್ತವೆ. ಒಂದು ಪೊಟ್ಟಣವೆಂದರೆ 1500 ಮೈಕ್ರೋಗ್ರಾಂ. ಎಪ್ಪತ್ತು ದಾಟಿದವನ ಎಪ್ಪತ್ತೈದು ದಿನಗಳ ಪಾಲು ಒಂದೇ ಗುಟುಕಿನಲ್ಲಿ! ಹಿಂದೊಮ್ಮೆ ಬಿದ್ದಿದ್ದ, ಎಪ್ಪತ್ತಕ್ಕೆ ಮೇಲ್ಪಟ್ಟ ಇನ್ನೂರು ಮಂದಿಯ ಮೇಲೆ ಜ್ಯೂರಿಕ್‌ನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ತಿಂಗಳಿಗೆ ಇದೇ ಅರುವತ್ತು ಸಾವಿರ ಪಡೆದವರ ಪೈಕಿ ಶೇಕಡಾ 67 ಮಂದಿ ವರ್ಷದೊಳಗೆ ಮತ್ತೆ ಬಿದ್ದರು. ಇಪ್ಪತ್ತನಾಲ್ಕು ಸಾವಿರ ಪಡೆದವರಲ್ಲಿ ಬಿದ್ದವರು ಶೇಕಡಾ 48. ಕಾಲಿಗೆ ಬಲ ಬರಲೆಂದು ನುಂಗಿದ್ದು ಕಾಲನ್ನೇ ಎಡವಿಸಿತು. ರಕ್ತಪರೀಕ್ಷೆ ಮಾಡಿಸಿ, ಕೊರತೆ ಕಂಡು ವೈದ್ಯರೇ ಬರೆದುಕೊಟ್ಟರೆ ಅದು ಬೇರೆ ಮಾತು. ತೀವ್ರ ಕೊರತೆಯುಳ್ಳವರ ತೊಡೆಯ ಸ್ನಾಯುಗಳು ಸೋಲುವುದುಂಟು, ಅಂಥವರಿಗೆ ಔಷಧ ಬೇಕೇ ಬೇಕು. ಮಿಕ್ಕವರಿಗೆ ಆರೋಗ್ಯ ಮಂಡಳಿ ಹೇಳಿದ ದಿನದ ಸಣ್ಣ ಗುಳಿಗೆ ಸಾಕೆಂಬುದು ನನ್ನ ಅಭಿಪ್ರಾಯ.

ಸ್ನಾಯುವಿಗೆ ಬೇಕಾದುದು ದುಡಿಮೆ. ಬಾಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ ತೊಂಬತ್ತರ ಆಸುಪಾಸಿನವರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದಾಗ ಅವರ ಬಲ ಸರಾಸರಿ ಶೇಕಡಾ 174ರಷ್ಟು ಏರಿತೆಂದು 1990ರಲ್ಲೇ ವರದಿಯಾಗಿದೆ. ಜೊತೆಗೆ ತಟ್ಟೆಯಲ್ಲಿ ತಿಳಿಸಾರು ಅನ್ನವಷ್ಟೇ ಇದ್ದರೆ ಸಾಲದು. ಬೇಳೆ, ಕಾಳು, ಮೊಸರು ಧಾರಾಳವಾಗಿರಬೇಕು. (ಈ ವಿಷಯದಲ್ಲಿ ನನ್ನ ಹೆಂಡತಿಯ ಮಾತನ್ನು ಮೂವತ್ತು ವರ್ಷ ತಡವಾಗಿ ಒಪ್ಪಿಕೊಂಡಿದ್ದೇನೆ.)

ನಮ್ಮ ಸಮ್ಮೇಳನಗಳಲ್ಲಿ ಯುವಕರಿಗೆ ಗೋಷ್ಠಿಯುಂಟು, ವಧೂವರರಿಗೆ ಭೇಟಿಯುಂಟು. ಹಿರಿಯರಿಗೆ ಮುಂದಿನ ಸಾಲಿನ ಕುರ್ಚಿಯೂ ಒಂದು ಶಾಲೂ. ಆ ಕುರ್ಚಿಯನ್ನೇ ಉಪಯೋಗಿಸೋಣವೆಂದು ಕಾರ್ಯಕಾರಿ ಸಮಿತಿಯವರಲ್ಲಿ ನನ್ನ ವಿನಂತಿ. ಆರೋಗ್ಯ ಶಿಬಿರದಲ್ಲಿ ಸಕ್ಕರೆ, ರಕ್ತದೊತ್ತಡ ನೋಡುವ ಮೇಜಿನ ಪಕ್ಕದಲ್ಲಿ ಒಂದು ಕುರ್ಚಿ, ಒಂದು ಗಡಿಯಾರ ಇಡಿ. ಎದೆಯ ಮೇಲೆ ಕೈಕಟ್ಟಿ ಐದು ಬಾರಿ ಎದ್ದು ಕೂರಲು ಹದಿನೈದು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಸ್ನಾಯುಬಲ ಕುಂದಿರಬಹುದೆಂದು ಯುರೋಪಿನ ತಜ್ಞರು 2019ರಲ್ಲಿ ಪ್ರಕಟಿಸಿದ ಸೂತ್ರ ಹೇಳುತ್ತದೆ. ಖರ್ಚೇನೂ ಇಲ್ಲ. ನಾಚಿಕೆ ಬಿಡಬೇಕು, ಅಷ್ಟೆ.

ಜನವರಿಯಲ್ಲಿ ನನಗೆ ಹತ್ತೊಂಬತ್ತು ಸೆಕೆಂಡು ಹಿಡಿದಿತ್ತು. ಈಗ ಹದಿಮೂರು. ನೆಲದಿಂದ ಏಳುವುದು ಮಾತ್ರ ಇನ್ನೂ ಗೋಡೆಯ ಕೃಪೆಯಿಂದಲೇ.