ಅಪಾಯಕರ ಪುಡಿಗಳೂ ನಮ್ಮ ಉದಾಸೀನವೂ

ಹೈದರಾಬಾದಿನ ಹೊರವಲಯದ ಪಾಶಮೈಲಾರಂ ಕೈಗಾರಿಕಾ ವಸಾಹತಿನಲ್ಲಿ 2025ರ ಜೂನ್ 30ರಂದು ಬೆಳಿಗ್ಗೆ ಸಂಭವಿಸಿದ ಸ್ಫೋಟದಲ್ಲಿ ಐವತ್ತಕ್ಕೂ ಹೆಚ್ಚು ಮಂದಿ ಪ್ರಾಣ ತೆತ್ತರು. ಅವರಲ್ಲಿ ಕೆಲವರ ದೇಹದ ಕುರುಹು ಕೂಡ ಬಂಧುಗಳಿಗೆ ದೊರೆಯಲಿಲ್ಲ. ಮೃತರಲ್ಲಿ ಬಹುಮಂದಿ ಒಡಿಶಾ, ಬಿಹಾರ, ಉತ್ತರ ಪ್ರದೇಶ ಮೊದಲಾದ ರಾಜ್ಯಗಳಿಂದ ಹೊಟ್ಟೆಪಾಡಿಗಾಗಿ ಬಂದವರು. ಆ ಕಾರ್ಖಾನೆಯಲ್ಲಿ ಸಿಡಿಮದ್ದು ತಯಾರಾಗುತ್ತಿರಲಿಲ್ಲ, ವಿಷವೂ ತಯಾರಾಗುತ್ತಿರಲಿಲ್ಲ. ಔಷಧದ ಮಾತ್ರೆಗಳು ಒಡೆಯದಂತೆ ಹಿಡಿದಿಡಲು ಬೆರೆಸುವ ಸೆಲ್ಯುಲೋಸ್ ಎಂಬ ಬಿಳಿಯ ಪುಡಿ ಅಲ್ಲಿಯ ಉತ್ಪನ್ನವಾಗಿತ್ತು. ನಾವು ನೀವೆಲ್ಲರೂ ಜ್ವರದ ಮಾತ್ರೆಯೊಡನೆ ಅದನ್ನು ಎಷ್ಟೋ ಸಲ ನುಂಗಿದ್ದೇವೆ. ದುರಂತದ ಹೊಣೆ ಯಾರದೆಂದು ನಿಶ್ಚಯಿಸುವುದು ತನಿಖೆಯ ಮತ್ತು ನ್ಯಾಯಾಲಯದ ಕೆಲಸ. ಅದರಲ್ಲಿ ನಾವು ಕೈಹಾಕುವುದಿಲ್ಲ. ಆದರೆ ನುಂಗಿದರೂ ಕೇಡು ಮಾಡದ ಪುಡಿಯ ಕಾರ್ಖಾನೆಯಲ್ಲಿ ಇಂತಹ ಅನಾಹುತ ನಡೆಯುವುದಾದರೆ, ನಿಜವಾಗಿಯೂ ಅಪಾಯಕರವಾದ ಪುಡಿಗಳ ನಡುವೆ ದುಡಿಯುವವರ ಪಾಡೇನು ಎಂಬ ಪ್ರಶ್ನೆಯನ್ನು ಕೇಳದೆ ಇರಲಾಗದು.

ಪುಡಿಯು ಸಿಡಿಯುವ ಬಗೆ ಶಾಸ್ತ್ರಜ್ಞರಿಗೆ ಹೊಸತಲ್ಲ. ಮರದ ದಿಮ್ಮಿಗೆ ಬೆಂಕಿ ಹತ್ತಿಸುವುದು ಕಷ್ಟ. ಅದರ ಸಿಪ್ಪೆಗೆ ಹತ್ತಿಸುವುದು ಸುಲಭ. ಅದೇ ಮರವನ್ನು ಹಿಟ್ಟಿನಂತೆ ನುಣ್ಣಗೆ ಮಾಡಿ ಗಾಳಿಯಲ್ಲಿ ತೂರಿದರೆ ಒಂದು ಕಿಡಿ ಸಾಕು, ಕಣಗಳೆಲ್ಲ ಒಮ್ಮೆಗೇ ಹೊತ್ತಿಕೊಳ್ಳುತ್ತವೆ. ಉರಿಯಬಲ್ಲ ಪುಡಿ, ಗಾಳಿ, ಕಿಡಿ ಇವು ಮೂರು. ಪುಡಿಯು ಗಾಳಿಯಲ್ಲಿ ಹರಡಿರುವುದು ನಾಲ್ಕನೆಯದು. ಮುಚ್ಚಿದ ಸ್ಥಳ ಐದನೆಯದು. ಈ ಐದೂ ಕೂಡಿದಲ್ಲಿ ಬೆಂಕಿಯು ಸ್ಫೋಟವಾಗಿ ಪರಿಣಮಿಸುತ್ತದೆ. ಸಕ್ಕರೆ, ಗೋದಿಹಿಟ್ಟು, ಗಂಧಕ, ಅಲ್ಯೂಮಿನಿಯಂ ಪುಡಿ ಇವೆಲ್ಲಕ್ಕೂ ಇದೇ ನಿಯಮ. ಅಮೆರಿಕದ ಜಾರ್ಜಿಯಾ ರಾಜ್ಯದ ಒಂದು ಸಕ್ಕರೆ ಕಾರ್ಖಾನೆಯಲ್ಲಿ 2008ರ ಫೆಬ್ರವರಿ 7ರಂದು 14 ಮಂದಿಯನ್ನು ಬಲಿತೆಗೆದುಕೊಂಡದ್ದು ಸಕ್ಕರೆಯ ಧೂಳು. ಇಂತಹ ಕಡೆಗಳಲ್ಲಿ ಮೊದಲ ಸ್ಫೋಟ ಅನೇಕ ವೇಳೆ ಚಿಕ್ಕದಾಗಿರುತ್ತದೆ. ಅದರ ಅದುರಿಗೆ ತೊಲೆಗಳ ಮೇಲೆ, ಕೊಳವೆಗಳ ಮೇಲೆ, ದೀಪಗಳ ಮೇಲೆ ತಿಂಗಳುಗಟ್ಟಲೆ ಕುಳಿತ ಧೂಳು ಕೆಳಗಿಳಿದು ಗಾಳಿಯಲ್ಲಿ ತುಂಬಿದಾಗ ಎರಡನೆಯ ಸ್ಫೋಟ ಸಂಭವಿಸುತ್ತದೆ. ಕಟ್ಟಡವನ್ನು ಕೆಡಹುವುದು ಅದು. ಒಂದು ಮಿಲಿಮೀಟರಿಗಿಂತ ತೆಳುವಾದ ಧೂಳಿನ ಪದರವೂ ಇದಕ್ಕೆ ಸಾಕಾಗಬಹುದು. ಆದುದರಿಂದ ಇಂತಹ ಕಾರ್ಖಾನೆಯಲ್ಲಿ ತೊಲೆಯ ಮೇಲಿನ ಧೂಳನ್ನು ತೆಗೆಯುವುದು ಪ್ರಾಣರಕ್ಷಣೆಯ ಕೆಲಸವೇ ಆಗಿದೆ.

ಇದು ಉರಿಯುವ ಪುಡಿಗಳ ಮಾತು. ಬೇರೆ ಪುಡಿಗಳ ಸ್ವಭಾವ ಬೇರೆ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಮೃತ್ಯುವಾಗುತ್ತದೆ. ಗ್ಯಾಸ್ ವೆಲ್ಡಿಂಗಿನವರು ಬಳಸುವ ಕ್ಯಾಲ್ಸಿಯಂ ಕಾರ್ಬೈಡಿಗೆ ನೀರು ತಗುಲಿದರೆ ಉರಿಯುವ ಅಸಿಟಿಲೀನ್ ಅನಿಲ ಹೊರಡುತ್ತದೆ. ಉರಿಯುತ್ತಿರುವ ಅಲ್ಯೂಮಿನಿಯಂ ಪುಡಿಗೆ ನೀರು ಹೊಯ್ದರೆ ಜಲಜನಕ ಹುಟ್ಟಿ ಬೆಂಕಿ ಸಿಡಿಯುತ್ತದೆ. ಅದಕ್ಕೆ ಒಣಮರಳೇ ಶರಣು. ಆದರೆ ಗೊಬ್ಬರಕ್ಕೂ ಗಣಿಯ ಸಿಡಿಮದ್ದಿಗೂ ಬಳಕೆಯಾಗುವ ಅಮೋನಿಯಂ ನೈಟ್ರೇಟಿಗೆ ಬೆಂಕಿ ತಗುಲಿದಾಗ ಮರಳು ಮುಚ್ಚಿ ಪ್ರಯೋಜನವಿಲ್ಲ. ಉರಿಗೆ ಬೇಕಾದ ಆಮ್ಲಜನಕವು ಅದರೊಳಗೇ ಇದೆ. ಅಲ್ಲಿ ಬೇಕಾಗುವುದು ಧಾರಾಳವಾದ ನೀರು, ಅದೂ ಬಲು ದೂರದಿಂದ. ಚೆಲ್ಲಿದ ಎಣ್ಣೆಯ ಮೇಲೆ ಮರದ ಹೊಟ್ಟು ಎರಚುವುದು ನಮ್ಮ ವಾಡಿಕೆ. ಅದೇ ಹೊಟ್ಟನ್ನು ಚೆಲ್ಲಿದ ನೈಟ್ರೇಟಿನ ಮೇಲೋ ತೀಕ್ಷ್ಣವಾದ ಕ್ಲೋರಿನ್ ಪುಡಿಯ ಮೇಲೋ ಎರಚಿದವನು ತಾನೇ ಸೌದೆ ಒಡ್ಡಿದಂತಾಗುತ್ತದೆ. ಲೋಹಗಳಿಗೆ ಮೆರುಗು ಕೊಡುವ ಕಾರ್ಖಾನೆಗಳಲ್ಲಿ ಬಳಸುವ ಸೋಡಿಯಂ ಸೈನೈಡಿಗೆ ಆಮ್ಲ ಸೇರಿದರೆ ಹುಟ್ಟುವ ವಿಷಾನಿಲವು ನಿಮಿಷಗಳಲ್ಲಿ ಕೊಲ್ಲಬಲ್ಲದು. ಕಾಳಿನ ಉಗ್ರಾಣಗಳಲ್ಲಿ ಇಡುವ ಅಲ್ಯೂಮಿನಿಯಂ ಫಾಸ್ಫೈಡಿಗೆ ಗಾಳಿಯ ತೇವವೇ ಸಾಕು, ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ.

ಇವುಗಳಲ್ಲಿ ಹೆಚ್ಚಿನವು ಕಣ್ಣಿಗೆ ಒಂದೇ ತೆರ. ಬಿಳಿಯ ಹುಡಿ, ಬೂದುಬಣ್ಣದ ಹುಡಿ. ಒಂದೇ ಬಗೆಯ ಚೀಲ, ಒಂದೇ ಬಗೆಯ ಪೀಪಾಯಿ. ನೀರು ಹಾಕಬೇಕೋ ಬೇಡವೋ, ಹತ್ತಿರ ಹೋಗಬೇಕೋ ಓಡಬೇಕೋ ಎಂಬುದನ್ನೆಲ್ಲ ತೀರ್ಮಾನಿಸುವುದು ಪುಡಿಯ ಹೆಸರು. ಆ ಹೆಸರು ಚೀಲವನ್ನು ಎತ್ತುವ ಹಮಾಲನಿಗೂ, ಬೆಂಕಿ ಆರಿಸಲು ಬರುವ ಅಗ್ನಿಶಾಮಕನಿಗೂ ತಿಳಿಯದಿದ್ದರೆ ಉಳಿದ ಏರ್ಪಾಡುಗಳೆಲ್ಲ ವ್ಯರ್ಥ. ನಾವು ಈ ಲೇಖನದಲ್ಲಿ ಹೇಳಬಯಸುವ ಮಾತು ಇದೊಂದೇ.

ಹೆಸರು ತಿಳಿಯದೆ ಹೋದವರ ಗತಿಗೆ ಈ ಶತಮಾನವೇ ಸಾಕ್ಷಿ. ಚೀನದ ಟಿಯಾನ್‌ಜಿನ್ ಬಂದರಿನ ಗೋದಾಮಿನಲ್ಲಿ 2015ರ ಆಗಸ್ಟ್ 12ರ ರಾತ್ರಿ ಬೆಂಕಿ ಕಾಣಿಸಿಕೊಂಡಿತು. ಬಿಸಿಲಿಗೆ ಒಣಗಿದ ನೈಟ್ರೋಸೆಲ್ಯುಲೋಸ್ ತಾನಾಗಿ ಹೊತ್ತಿಕೊಂಡು, ಬೆಂಕಿಯು ಅಮೋನಿಯಂ ನೈಟ್ರೇಟಿಗೆ ಹಬ್ಬಿತು. ಒಳಗೆ ಯಾವ ಪದಾರ್ಥ ಎಷ್ಟಿದೆ ಎಂಬ ಸ್ಪಷ್ಟ ಮಾಹಿತಿ ಮೊದಲು ಬಂದ ದಳದವರಿಗೆ ದೊರೆಯಲಿಲ್ಲ. ಸತ್ತವರೂ ನಾಪತ್ತೆಯಾದವರೂ ಸೇರಿ 173 ಮಂದಿ. ಅವರಲ್ಲಿ ನೂರಕ್ಕೂ ಹೆಚ್ಚು ಮಂದಿ ಬೆಂಕಿ ಆರಿಸಲು ಹೋದವರೇ. ಲೆಬನಾನಿನ ಬೈರೂತ್ ಬಂದರಿನಲ್ಲಿ ಹಡಗೊಂದರಿಂದ ಇಳಿಸಿದ 2,750 ಟನ್ ಅಮೋನಿಯಂ ನೈಟ್ರೇಟು ವರ್ಷಗಟ್ಟಲೆ ಉಗ್ರಾಣದಲ್ಲಿ ಬಿದ್ದಿತ್ತು. ಅಧಿಕಾರಿಗಳ ನಡುವೆ ಪತ್ರಗಳು ಓಡಾಡಿದವು; ಚೀಲಗಳು ಕದಲಲಿಲ್ಲ. 2020ರ ಆಗಸ್ಟ್ 4ರಂದು ಅಲ್ಲಿ ಬೆಂಕಿ ಬಿದ್ದಾಗ ಕರೆಗೆ ಓಗೊಟ್ಟು ಮೊದಲು ಧಾವಿಸಿದ ಹತ್ತು ಮಂದಿಗೆ ತಾವು ಯಾವುದರ ಬಾಗಿಲು ತೆರೆಯುತ್ತಿದ್ದೇವೆ ಎಂಬುದು ಗೊತ್ತಿರಲಿಲ್ಲ. ಆ ಹತ್ತು ಮಂದಿಯೂ ಮರಳಲಿಲ್ಲ. ನಗರದಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಮಡಿದರು.

ಮುಂಬಯಿಯ ವಾಚಕರಿಗೆ ಈ ಪಾಠವನ್ನು ದೂರದೇಶದಿಂದ ತರಬೇಕಾಗಿಲ್ಲ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ ಸಿಡಿದ ಫೋರ್ಟ್ ಸ್ಟಿಕೀನ್ ಹಡಗಿನಲ್ಲಿ ಸುಮಾರು 1,400 ಟನ್ ಸ್ಫೋಟಕಗಳೂ ಹತ್ತಿಯ ಮೂಟೆಗಳೂ ಒಟ್ಟಿಗೆ ತುಂಬಿದ್ದವು. ಒಂದರೊಡನೊಂದನ್ನು ಇಡಬಾರದೆಂಬ ಸಾಮಾನ್ಯ ವಿವೇಕವನ್ನು ಮೀರಿದ ಆ ಹಡಗು 66 ಮಂದಿ ಅಗ್ನಿಶಾಮಕರನ್ನು ಬಲಿತೆಗೆದುಕೊಂಡಿತು. ಅವರ ನೆನಪಿಗಾಗಿ ಪ್ರತಿ ವರ್ಷ ಏಪ್ರಿಲ್ 14ರಿಂದ ದೇಶದಾದ್ಯಂತ ಅಗ್ನಿಶಾಮಕ ಸಪ್ತಾಹವನ್ನು ಆಚರಿಸುತ್ತೇವೆ. ನಮ್ಮವರು ಬಹುಸಂಖ್ಯೆಯಲ್ಲಿ ನೆಲೆಸಿರುವ ಡೊಂಬಿವಲಿಯ ಕೈಗಾರಿಕಾ ವಸಾಹತಿನಲ್ಲಿ 2016ರ ಮೇ 26ರಂದೂ, 2024ರ ಮೇ 23ರಂದೂ ರಾಸಾಯನಿಕ ಕಾರ್ಖಾನೆಗಳು ಸಿಡಿದಾಗ ಸುತ್ತಲಿನ ಮನೆಗಳ ಗಾಜುಗಳು ಒಡೆದುದನ್ನು ಕಂಡವರು ನಮ್ಮ ವಾಚಕರಲ್ಲಿ ಇದ್ದಾರೆ.

ಬೈರೂತಿನ ಸುದ್ದಿ ಬಂದ ಮೇಲೆ ಎಚ್ಚೆತ್ತ ನಗರಗಳಲ್ಲಿ ಚೆನ್ನೈಯೂ ಒಂದು. ನಗರದ ಪಕ್ಕದ ಮಣಲಿಯಲ್ಲಿ, ಸುಂಕದ ಅಧಿಕಾರಿಗಳು 2015ರಲ್ಲಿ ವಶಪಡಿಸಿಕೊಂಡ ಸುಮಾರು 700 ಟನ್ ಅಮೋನಿಯಂ ನೈಟ್ರೇಟು ಕಂಟೇನರುಗಳಲ್ಲಿ ಐದು ವರ್ಷಗಳಿಂದ ಬಿದ್ದಿರುವುದು ಆಗ ಜನರ ಗಮನಕ್ಕೆ ಬಂದಿತು. ಕೆಲವೇ ದಿನಗಳಲ್ಲಿ ಅದನ್ನು ಹೈದರಾಬಾದಿಗೆ ಸಾಗಿಸಲು ಆರಂಭಿಸಲಾಯಿತು. ಸಾಗಿಸಿದ್ದು ಸರಿ. ಆದರೆ ಕೆಲವು ದಿನಗಳಲ್ಲಿ ಆಗಬಹುದಾದ ಕೆಲಸಕ್ಕೆ ಐದು ವರ್ಷವೂ, ಬೇರೊಂದು ದೇಶದ ಸ್ಮಶಾನವೂ ಬೇಕಾಯಿತೆಂಬುದು ಯೋಚಿಸತಕ್ಕ ವಿಷಯ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರೆಂದು ನಮ್ಮ ಹಿರಿಯರು ನಗುತ್ತಿದ್ದರು. ಪರರ ಕೋಟೆ ಕೊಳ್ಳೆ ಹೋದಾಗಲಾದರೂ ನಮ್ಮ ಬಾಗಿಲು ಮುಚ್ಚಿದುದು ನಮ್ಮ ಪುಣ್ಯ.

ಕಾಯಿದೆಗಳ ಅಭಾವವೆನ್ನುವಂತಿಲ್ಲ. 1948ರ ಕಾರ್ಖಾನೆ ಕಾಯಿದೆಯಲ್ಲಿಯೇ ಸಿಡಿಯಬಲ್ಲ ಧೂಳಿನ ಕುರಿತು ಪ್ರತ್ಯೇಕ ಕಲಮು ಇತ್ತು. 1984ರ ಭೋಪಾಲ ದುರಂತದ ಬಳಿಕ 1987ರಲ್ಲಿ, ಅಪಾಯಕರ ವಸ್ತುಗಳ ವಿಷಯವನ್ನು ಕಾರ್ಮಿಕರಿಗೂ ನೆರೆಹೊರೆಯವರಿಗೂ ತಿಳಿಸಬೇಕೆಂಬ ಕಟ್ಟಳೆಯನ್ನು ಅದಕ್ಕೆ ಸೇರಿಸಲಾಯಿತು. 1989ರ ನಿಯಮಗಳು ಚೀಲ ಪೀಪಾಯಿಗಳ ಮೇಲೆ ಗುರುತು ಇರಬೇಕೆಂದೂ, ಸುರಕ್ಷತಾ ಮಾಹಿತಿ ಪತ್ರ ಸಿದ್ಧವಿರಬೇಕೆಂದೂ ವಿಧಿಸಿದವು. 1996ರ ನಿಯಮಗಳು ಕೇಂದ್ರದಿಂದ ಜಿಲ್ಲೆಯವರೆಗೆ ಆಪತ್ಕಾಲದ ಮಂಡಲಿಗಳನ್ನು ಏರ್ಪಡಿಸಿದವು. 2012ರಲ್ಲಿ ಅಮೋನಿಯಂ ನೈಟ್ರೇಟಿಗೇ ಪ್ರತ್ಯೇಕ ನಿಯಮಾವಳಿ ಬಂದಿತು. ಹಳೆಯ ಕಾರ್ಖಾನೆ ಕಾಯಿದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲಿಯೂ ಮಾಹಿತಿ ತಿಳಿಸುವ ಹೊಣೆ ಉಳಿದಿದೆ.

ಹಾಗಾದರೆ ಕೊಂಡಿ ಕಳಚುವುದು ಎಲ್ಲಿ? ನಮ್ಮ ಅಭಿಪ್ರಾಯದಲ್ಲಿ, ಕಚೇರಿಯ ಕಪಾಟಿಗೂ ಕಾರ್ಖಾನೆಯ ನೆಲಕ್ಕೂ ನಡುವೆ. ಹದಿನಾರು ವಿಭಾಗಗಳ ಮಾಹಿತಿ ಪತ್ರ ಇಂಗ್ಲಿಷಿನಲ್ಲಿದ್ದು ಕಡತದಲ್ಲಿ ಭದ್ರವಾಗಿರುತ್ತದೆ. ಮೇಲ್ವಿಚಾರಕ ತೆಲುಗಿನಲ್ಲಿಯೋ ಮರಾಠಿಯಲ್ಲಿಯೋ ಮಾತನಾಡುತ್ತಾನೆ; ಮುಕಾದಮನು ಹಿಂದಿಯಲ್ಲಿ ಗದರಿಸುತ್ತಾನೆ; ಚೀಲ ಎತ್ತುವವನ ಮಾತು ಒಡಿಯಾ, ಭೋಜಪುರಿ ಅಥವಾ ಕಲಬುರ್ಗಿಯ ಕನ್ನಡ. ಅವನು ಗುತ್ತಿಗೆದಾರನ ಆಳು. ಈ ವಾರ ಇಲ್ಲಿ, ಮುಂದಿನ ವಾರ ಇನ್ನೊಂದು ಕಡೆ. ತರಬೇತಿಯ ದಾಖಲೆ ಪುಸ್ತಕದಲ್ಲಿ ಅವನ ಹೆಬ್ಬೆಟ್ಟು ಇದ್ದರೂ ತಲೆಯಲ್ಲಿ ಪುಡಿಯ ಹೆಸರು ಇರುವುದಿಲ್ಲ.

ಚಿಕ್ಕ ಕಾರ್ಖಾನೆಗಳ ಮಾಲೀಕರು ಖರ್ಚಿನ ಮಾತನ್ನು ಮುಂದಿಡುತ್ತಾರೆ. ಧೂಳು ಹೀರುವ ಯಂತ್ರಕ್ಕೂ, ಒತ್ತಡ ಹೊರಬಿಡುವ ದ್ವಾರಗಳಿಗೂ ಹಣ ಬೇಕೆಂಬುದು ನಿಜ. ಅದಕ್ಕೆ ಸರಕಾರವು ಸುಲಭ ಸಾಲದ ಏರ್ಪಾಡು ಮಾಡಿದರೆ ನಾವು ಸ್ವಾಗತಿಸುತ್ತೇವೆ. ಆದರೆ ಪುಡಿಯ ಹೆಸರನ್ನೂ ನಾಲ್ಕು ಎಚ್ಚರಿಕೆಗಳನ್ನೂ ಕಾರ್ಮಿಕರ ಭಾಷೆಗಳಲ್ಲಿ ಗೋಡೆಯ ಮೇಲೆ ಬರೆಸಲು ಬೇಕಾಗುವುದು ಒಂದು ಡಬ್ಬಿ ಬಣ್ಣ. ಯಾವ ಪದಾರ್ಥ, ಎಷ್ಟು, ಯಾವ ಮೂಲೆಯಲ್ಲಿದೆ ಎಂಬ ನಕ್ಷೆಯ ಒಂದು ಪ್ರತಿಯನ್ನು ಹೆಬ್ಬಾಗಿಲಿನ ಕಾವಲುಗಾರನ ಬಳಿಯೂ, ಇನ್ನೊಂದನ್ನು ಸಮೀಪದ ಅಗ್ನಿಶಾಮಕ ಠಾಣೆಯಲ್ಲಿಯೂ ಇಡಲು ಎರಡು ಹಾಳೆ ಕಾಗದ ಸಾಕು. ಇವೆರಡನ್ನು ಪರೀಕ್ಷಿಸದೆ ಯಾವ ಇನ್ಸ್‌ಪೆಕ್ಟರನೂ ಕಾರ್ಖಾನೆಯಿಂದ ಹೊರಬರಕೂಡದೆಂದು ನಾವು ಒತ್ತಾಯಪಡಿಸುತ್ತೇವೆ. ಅಪಾಯಕರ ವಸ್ತುಗಳ ಪಟ್ಟಿಯಲ್ಲಿ ಹೆಸರಿಲ್ಲವೆಂದು ನಿಶ್ಚಿಂತರಾಗುವಂತೆಯೂ ಇಲ್ಲ. ಪಟ್ಟಿಯಲ್ಲಿಲ್ಲದ ಪುಡಿಯೂ ಧೂಳಾಗಿ ಸಿಡಿಯಬಲ್ಲದು.

ದುಡಿಯುವವರು ನೆನಪಿಡಬೇಕಾದ ಮಾತುಗಳು ಹೆಚ್ಚಿಲ್ಲ. ಪುಡಿಯನ್ನು ಒಣಪೊರಕೆಯಿಂದ ಗುಡಿಸಿ ಎಬ್ಬಿಸಕೂಡದು. ಗಾಳಿಯ ಪಂಪಿನಿಂದ ಊದಕೂಡದು. ಒಂದು ಪುಡಿಗೆ ಬಳಸಿದ ಸಲಿಕೆಯನ್ನು ತೊಳೆದು ಒಣಗಿಸದೆ ಇನ್ನೊಂದಕ್ಕೆ ಬಳಸಕೂಡದು. ಚೆಲ್ಲಿದ್ದು ಏನೆಂದು ತಿಳಿಯದಿದ್ದರೆ ಮುಟ್ಟದೆ, ನೀರನ್ನೂ ಹಾಕದೆ, ಗಾಳಿ ಬೀಸಿ ಬರುವ ಕಡೆಗೆ ಸರಿದು, ಕನಿಷ್ಠ 100 ಮೀಟರುಗಳಷ್ಟು ದೂರ ಜನರನ್ನು ತೆರವು ಮಾಡಿ, 101ಕ್ಕೋ 112ಕ್ಕೋ ಕರೆ ಮಾಡಬೇಕು. ಬೆಂಕಿ ಹತ್ತಿದ್ದರೆ ಈ ದೂರ ಏನೇನೂ ಸಾಲದು. ಚೀಲದ ಮೇಲೋ ಲಾರಿಯ ಫಲಕದ ಮೇಲೋ ಇರುವ ನಾಲ್ಕು ಅಂಕಿಗಳ ಸಂಖ್ಯೆಯನ್ನು ದೂರದಿಂದಲೇ ಓದಿ ಹೇಳಿದರೆ ಅದೇ ದೊಡ್ಡ ಉಪಕಾರ. 1942 ಎಂದರೆ ಅಮೋನಿಯಂ ನೈಟ್ರೇಟ್, 1689 ಎಂದರೆ ಸೋಡಿಯಂ ಸೈನೈಡ್, 1402 ಎಂದರೆ ಕ್ಯಾಲ್ಸಿಯಂ ಕಾರ್ಬೈಡ್ ಎಂದು ಲೋಕದ ಎಲ್ಲ ಅಗ್ನಿಶಾಮಕರಿಗೂ ಅರ್ಥವಾಗುವ ಭಾಷೆ ಅದು. ಮೈಮೇಲೆ ಪುಡಿ ಬಿದ್ದರೆ ಬಟ್ಟೆ ಕಳಚಿ, ಒಣಪುಡಿಯನ್ನು ಮೊದಲು ಮೆಲ್ಲಗೆ ಕೊಡವಿ, ಅನಂತರ ಧಾರಾಳವಾದ ನೀರಿನಲ್ಲಿ ತೊಳೆಯಬೇಕು. ಕಣ್ಣಿಗೆ ಬಿದ್ದರೆ ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ನೀರು ಹಾಯಿಸಿ, ಚೀಲದ ಮೇಲಿನ ಹೆಸರನ್ನು ಬರೆದುಕೊಂಡು ವೈದ್ಯರಲ್ಲಿಗೆ ಓಡಬೇಕು. ಉಗ್ರಾಣದೊಳಗೆ ಕುಸಿದುಬಿದ್ದವನನ್ನು ತರಲು ಉಸಿರಿನ ಸಾಧನವಿಲ್ಲದೆ ನುಗ್ಗಿದವನು ಎರಡನೆಯ ಹೆಣವಾಗುತ್ತಾನೆ.

ಈ ಮಾತು ಕಾರ್ಖಾನೆಗಳಿಗಷ್ಟೇ ಮೀಸಲಲ್ಲ. ಹೋಟೆಲು ನಡೆಸುವ ನಮ್ಮ ಬಂಧುಗಳು ತಮ್ಮ ಬಚ್ಚಲಿನ ಮೂಲೆಯನ್ನೊಮ್ಮೆ ನೋಡಲಿ. ಬ್ಲೀಚಿಂಗ್ ಪುಡಿಯೂ, ಪಾಯಿಖಾನೆ ತೊಳೆಯುವ ಆಸಿಡ್ಡೂ ಒಂದೇ ಹಲಗೆಯ ಮೇಲೆ ಇಲ್ಲವೇ? ಅವೆರಡನ್ನೂ ಕೂಡಿಸಿದರೆ ಹುಟ್ಟುವುದು ಕ್ಲೋರಿನ್ ಎಂಬ ವಿಷಾನಿಲವೆಂದು ಊರಿನಿಂದ ನಿನ್ನೆ ಬಂದ ಹುಡುಗನಿಗೆ ಯಾರು ಹೇಳಿದ್ದಾರೆ? ತಿಗಣೆಯ ಕಾಟಕ್ಕೆ ಫಾಸ್ಫೈಡಿನ ಗುಳಿಗೆಯನ್ನೋ ಪುಡಿಯನ್ನೋ ಕೋಣೆಯಲ್ಲಿ ಇಟ್ಟು ಬಾಗಿಲು ಹಾಕುವವರು, ಅನಿಲವು ಗೋಡೆಯ ಬಿರುಕಿನಿಂದ ನೆರೆಮನೆಯ ಮಕ್ಕಳನ್ನು ಸೇರುತ್ತದೆಂಬುದನ್ನು ಅರಿಯರು. ಅದು ವಸತಿಯ ಕೋಣೆಗಳಲ್ಲಿ ಬಳಸತಕ್ಕ ವಸ್ತುವೇ ಅಲ್ಲ.

ಹೊರನಾಡಿನ ಕನ್ನಡಿಗರ ಸಂಸ್ಥೆಗಳಿಗೆ ಇಲ್ಲಿ ಒಂದು ಕರ್ತವ್ಯವಿದೆ. ಹೋಟೆಲಿನ ಹುಡುಗರಿಗೆ ರಾತ್ರಿಶಾಲೆಗಳನ್ನು ತೆರೆದು ಅಕ್ಷರ ಕಲಿಸಿದ ಕೀರ್ತಿ ಮುಂಬಯಿಯ ಕನ್ನಡಿಗರದು. ಅದೇ ಕೈಗಳು ಈಗ ಒಂದು ಹಾಳೆಯ ಕರಪತ್ರವನ್ನು ಕನ್ನಡದಲ್ಲಿ ಅಚ್ಚುಹಾಕಿಸಿ, ಒಂದು ಭಾನುವಾರ ಅಗ್ನಿಶಾಮಕ ದಳದವರನ್ನು ಕರೆಸಿ, ಕಾರ್ಖಾನೆಗಳಲ್ಲಿಯೂ ಗೋದಾಮುಗಳಲ್ಲಿಯೂ ಹೋಟೆಲುಗಳಲ್ಲಿಯೂ ದುಡಿಯುವವರಿಗೆ ತಿಳಿಸಿಕೊಡಬಾರದೇಕೆ? ಪಾಶಮೈಲಾರಂನಲ್ಲಿ ಸತ್ತವರ ಭಾಷೆ ಬೇರೆಯಿದ್ದಿರಬಹುದು. ಅವರ ಸ್ಥಿತಿ ನಮ್ಮವರದಕ್ಕಿಂತ ಬೇರೆಯಾಗಿರಲಿಲ್ಲ. ತಾನು ಹೊರುತ್ತಿರುವ ಹೊರೆಯ ಹೆಸರನ್ನು ತನ್ನ ಮಾತಿನಲ್ಲಿ ಕೇಳಿ ತಿಳಿಯುವ ಹಕ್ಕು ದುಡಿಯುವ ಪ್ರತಿಯೊಬ್ಬನಿಗೂ ಇದೆ. ಆ ಹಕ್ಕನ್ನು ನಡೆಸಿಕೊಡುವವರೆಗೆ ಸರಕಾರವಾಗಲಿ, ಮಾಲೀಕರಾಗಲಿ ತಮ್ಮ ಹೊಣೆ ತೀರಿತೆಂದು ಹೇಳುವಂತಿಲ್ಲ.