ದಸರಾ ರಜೆಗೆ ಕಡಲ ಕರೆ

ಅರ್ಧವಾರ್ಷಿಕ ಪರೀಕ್ಷೆ ಮುಗಿದು ದಸರಾ ರಜೆ ಶುರುವಾಯಿತೆಂದರೆ ಮನೆಮನೆಯಲ್ಲೂ ಒಂದೇ ಪ್ರಶ್ನೆ: 'ಈ ಸಲ ಎಲ್ಲಿಗೆ?' ಬಯಲುಸೀಮೆಯ ಮಕ್ಕಳ ಉತ್ತರ ಸಿದ್ಧವಾಗಿಯೇ ಇರುತ್ತದೆ: 'ಸಮುದ್ರ ನೋಡೋಕೆ!' ಅಪ್ಪ ಖರ್ಚಿನ ಲೆಕ್ಕ ಹಾಕುತ್ತಾರೆ. ಅಮ್ಮ ಒದ್ದೆಯಾಗುವ ಬಟ್ಟೆಗಳ ಲೆಕ್ಕ ಹಾಕುತ್ತಾರೆ. ಅಜ್ಜಿ ಮಾತ್ರ, 'ಎಲ್ಲಿಗಾದರೂ ಹೋಗಿ, ನೀರಿನ ಹತ್ತಿರ ಮಕ್ಕಳ ಕೈ ಬಿಡಬೇಡಿ' ಎನ್ನುತ್ತಾರೆ. ಮೂವರ ಮಾತಿನಲ್ಲಿ ಅಜ್ಜಿಯದೇ ಹೆಚ್ಚು ತೂಕದ್ದು. ಏಕೆಂಬುದು ಮುಂದೆ ಬರುತ್ತದೆ.

ಮಂಗಳೂರು, ಉಡುಪಿ, ಕುಂದಾಪುರದ ಕರಾವಳಿಗೆ ಶರದೃತು ಬಹಳ ಒಪ್ಪುವ ಕಾಲ. ಜೂನ್‌ನಿಂದ ಹೊಯ್ದ ಮಳೆ ಹಿಂದೆ ಸರಿದಿರುತ್ತದೆ. ಗದ್ದೆಗಳಲ್ಲಿ ತೆನೆ ತೂಗುತ್ತಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನು ಮರಿಯಿಡುವ ಕಾಲವದು. ನೂಲ ಹುಣ್ಣಿಮೆಯ ಹೊತ್ತಿಗೆ ಮೊಗವೀರರು ಕಡಲಿಗೆ ಹಾಲೆರೆದು ಸಮುದ್ರಪೂಜೆ ಮಾಡುತ್ತಾರೆ. ನವರಾತ್ರಿಯ ವೇಳೆಗೆ ಬಂದರುಗಳು ಪೂರ್ತಿ ಎಚ್ಚೆತ್ತಿರುತ್ತವೆ. ಒಂದರ ಹಿಂದೆ ಒಂದರಂತೆ ಹಬ್ಬಗಳ ಸಾಲು ಬೇರೆ.

<b>ಸುರಂಗ ಎಣಿಸುತ್ತಾ ಪ್ರಯಾಣ</b>

ಬೆಂಗಳೂರಿನ ಕಡೆಯಿಂದ ಹೋಗುವವರು ರಾತ್ರಿಯ ಬಸ್ಸು ಹತ್ತಿ ನಿದ್ದೆ ಹೋದರೆ ಪ್ರವಾಸದ ಒಂದು ಭಾಗವೇ ಕಳೆದುಹೋಗುತ್ತದೆ. ಹಗಲಿನ ರೈಲಿನಲ್ಲಿ ಸಕಲೇಶಪುರ ದಾಟಿದ ಮೇಲೆ ಘಟ್ಟ ಇಳಿಯುವುದನ್ನು ಮಕ್ಕಳು ನೋಡಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ. ಮಕ್ಕಳ ಕೈಗೆ ಪುಸ್ತಕ, ಪೆನ್ಸಿಲ್ಲು ಕೊಟ್ಟು ಎಣಿಸಲು ಹೇಳಿದರೆ ಸಾಕು, 'ಇನ್ನೂ ಎಷ್ಟು ದೂರ' ಎಂಬ ಪ್ರಶ್ನೆಯೇ ಬಾರದು. 2021ರಲ್ಲಿ ಈ ದಾರಿಯ ಹಗಲು ರೈಲುಗಳಿಗೆ ಗಾಜಿನ ಛಾವಣಿಯ ಬೋಗಿಗಳೂ ಸೇರಿದವು. ಟಿಕೆಟ್ಟು ದುಬಾರಿ. ಆದರೆ ಸಾದಾ ಬೋಗಿಯ ಕಿಟಕಿಯಿಂದಲೂ ಅದೇ ಕಾಡು, ಅದೇ ಜಲಪಾತಗಳು ಕಾಣುತ್ತವೆ.

<b>ಭೂಗೋಳದ ಪಾಠ ದ್ವೀಪದಲ್ಲಿ</b>

ಉಡುಪಿಯ ಪಕ್ಕದ ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸೇಂಟ್ ಮೇರೀಸ್ ದ್ವೀಪ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ಕಡಲು ತಣಿದ ಮೇಲೆ ಮತ್ತೆ ಆರಂಭವಾಗುತ್ತದೆ. 1498ರಲ್ಲಿ ಭಾರತಕ್ಕೆ ಬಂದ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿಮಾತೆಯ ಹೆಸರಿಟ್ಟನೆಂಬ ಕಥೆ ಪ್ರಚಲಿತವಾಗಿದೆ. ಅದಕ್ಕಿಂತ ಬಲು ಹಳೆಯ ಕಥೆಯೊಂದನ್ನು ಇಲ್ಲಿನ ಬಂಡೆಗಳು ಹೇಳುತ್ತವೆ.

ದ್ವೀಪದ ತುಂಬ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದಂತೆ ಕಾಣುವ ಶಿಲೆಗಳಿವೆ. ಯಾರೋ ಶಿಲ್ಪಿ ಉಳಿಯಿಂದ ಕಡೆದಂತೆ ಐದು ಮೂಲೆ, ಆರು ಮೂಲೆಯ ಕಂಬಗಳು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭೂಭಾಗ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ನೆಲದಾಳದಿಂದ ಉಕ್ಕಿದ ಲಾವಾರಸ ತಣಿಯುತ್ತಾ ಕುಗ್ಗಿ, ಬಿರುಕು ಬಿಟ್ಟು ಹೀಗಾಯಿತು. ಇದು ಮಕ್ಕಳಿಗೆ ಅರ್ಥವಾಗುವುದೇ ಎಂದು ಹೆತ್ತವರು ಅನುಮಾನಿಸಬೇಕಿಲ್ಲ. ಬೇಸಿಗೆಯಲ್ಲಿ ಒಣಗಿದ ಕೆರೆಯ ತಳದ ಕೆಸರು ಚಕ್ಕೆಚಕ್ಕೆಯಾಗಿ ಬಿರಿಯುವುದನ್ನು ಕಂಡ ಹಳ್ಳಿಯ ಹುಡುಗನಿಗೆ ಇದು ತಟ್ಟನೆ ಹೊಳೆಯುತ್ತದೆ. ಕೆಸರು ನೀರು ಕಳೆದುಕೊಂಡು ಬಿರಿಯುತ್ತದೆ, ಲಾವಾ ಶಾಖ ಕಳೆದುಕೊಂಡು ಬಿರಿಯುತ್ತದೆ, ಅಷ್ಟೇ ವ್ಯತ್ಯಾಸ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಗುರುತಿಸಿರುವ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಕರ್ನಾಟಕದ್ದು ನಾಲ್ಕು. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಅವುಗಳಲ್ಲೊಂದು, ಈ ದ್ವೀಪ ಇನ್ನೊಂದು.

ಮರಳಿ ಬಂದ ಮೇಲೆ ಮಲ್ಪೆಯ ಮೀನುಗಾರಿಕಾ ಬಂದರಿನ ಧಕ್ಕೆಗೆ ಒಮ್ಮೆ ಹೋಗಿಬರಬಹುದು. ಬೂತಾಯಿ, ಬಂಗುಡೆಯ ರಾಶಿ, ಹರಾಜಿನ ಕೂಗು, ಬಲೆ ಹೆಣೆಯುವ ಕೈಗಳು. ಮೂಗು ಮುಚ್ಚಿಕೊಳ್ಳುವ ಮಗುವಿಗೆ, ಈ ವಾಸನೆಯಿಂದಲೇ ಸಾವಿರಾರು ಮನೆಗಳ ಒಲೆ ಉರಿಯುತ್ತದೆಂದು ಹೇಳುವುದೂ ಒಂದು ಪಾಠವೇ. ಮಲ್ಪೆಯಿಂದ ದಕ್ಷಿಣಕ್ಕೆ ಕಾಪುವಿನಲ್ಲಿ ಕಡಲಂಚಿನ ಬಂಡೆಯ ಮೇಲೆ 1901ರ ದೀಪಸ್ತಂಭವಿದೆ. ಸಂಜೆ ಮೇಲೆ ಹತ್ತಲು ಬಿಡುವ ವೇಳೆಯನ್ನು ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಇನ್ನೂ ಮುಂದಿನ ಪಡುಬಿದ್ರಿಯ ಕಡಲತೀರಕ್ಕೆ 2020ರಲ್ಲಿ 'ಬ್ಲೂ ಫ್ಲ್ಯಾಗ್' ಮನ್ನಣೆ ದೊರೆಯಿತು. ಶುಚಿತ್ವ, ನೀರಿನ ಗುಣಮಟ್ಟ, ಸುರಕ್ಷತೆ ನೋಡಿ ಕೊಡುವ ಅಂತರರಾಷ್ಟ್ರೀಯ ಗುರುತು ಅದು.

<b>ಹುಲಿ ಬಂತು ಹುಲಿ</b>

ಮಂಗಳೂರಿನ ಹೊರವಲಯದಲ್ಲಿರುವ ಪಿಲಿಕುಳ ನಿಸರ್ಗಧಾಮಕ್ಕೆ ಒಂದು ಇಡೀ ದಿನ ಬೇಕು. ತುಳುವಿನಲ್ಲಿ 'ಪಿಲಿ' ಎಂದರೆ ಹುಲಿ. ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೊಳವೆಂದು ಈ ಹೆಸರು. ಡಾ. ಶಿವರಾಮ ಕಾರಂತರ ಹೆಸರಿನ ಜೈವಿಕ ಉದ್ಯಾನದಲ್ಲಿ ನಿಜವಾದ ಹುಲಿಗಳಿವೆ. ವಿಜ್ಞಾನ ಕೇಂದ್ರ, 2018ರಲ್ಲಿ ತೆರೆದ ಸ್ವಾಮಿ ವಿವೇಕಾನಂದ ತಾರಾಲಯ, ತುಳುನಾಡಿನ ಗುತ್ತಿನ ಮನೆ, ಕುಶಲಕರ್ಮಿಗಳ ಗ್ರಾಮ ಎಲ್ಲವೂ ಒಂದೇ ಕಡೆ. ವಾರದ ರಜೆ ಯಾವಾಗೆಂದು ಕೇಳಿಕೊಂಡೇ ಹೊರಡಬೇಕು. ಬಾಗಿಲು ಹಾಕಿದ ಮೃಗಾಲಯದ ಮುಂದೆ ಅಳುವ ಮಗುವನ್ನು ಸಮಾಧಾನಪಡಿಸುವುದು ಸುಲಭವಲ್ಲ.

ಪಂಜರದ ಹುಲಿ ಹಗಲಿಗಾದರೆ, ಬೀದಿಯ ಹುಲಿ ಸಂಜೆಗೆ. ನವರಾತ್ರಿಯಲ್ಲಿ ಕರಾವಳಿಯ ಬೀದಿಗಳಿಗೆ ಹುಲಿವೇಷ ಇಳಿಯುತ್ತದೆ. ಅನೇಕರಿಗೆ ಇದು ಹರಕೆಯ ಸೇವೆ. ಮೈತುಂಬ ಬಣ್ಣ ಬಳಿಸಿಕೊಂಡು, ಒಣಗುವವರೆಗೂ ಕೈ ಚಾಚಿ ಗಂಟೆಗಟ್ಟಲೆ ನಿಲ್ಲಬೇಕು. ಪಟ್ಟೆ ಹುಲಿ, ಚಿಟ್ಟೆ ಹುಲಿ, ಕಪ್ಪು ಹುಲಿ ಎಂದು ಬಗೆಗಳು. ತಾಸೆಯ ಪೆಟ್ಟು ಬಿದ್ದೊಡನೆ ಕುಣಿತ, ಲಾಗ, ಪಲ್ಟಿ. ಸುಮಾರು 40 ಕಿಲೋ ತೂಗುವ ಅಕ್ಕಿ ಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಎತ್ತಿ ಹಿಂದಕ್ಕೆ ಎಸೆಯುವ ಹುಲಿಯನ್ನು ಕಂಡ ಮಕ್ಕಳು ಊರಿಗೆ ಮರಳಿದ ಮೇಲೂ ದಿಂಬು ಕಚ್ಚಿಕೊಂಡು ಕುಣಿಯುತ್ತಾರೆ. ಬಣ್ಣದೊಳಗಿನ ಮನುಷ್ಯ ಪಡುವ ಶ್ರಮವನ್ನೂ ಹೆತ್ತವರು ಒಂದು ಮಾತಿನಲ್ಲಿ ತಿಳಿಸಿದರೆ ಚೆನ್ನ.

ಈ ಹಬ್ಬದ ಕೇಂದ್ರ ಕುದ್ರೋಳಿಯ ಶ್ರೀ ಗೋಕರ್ಣನಾಥೇಶ್ವರ ಕ್ಷೇತ್ರ. ದೇವಸ್ಥಾನದೊಳಗೆ ಕಾಲಿಡಲು ಬಿಡದಿದ್ದ ಜನರಿಗಾಗಿ ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಗುಡಿ ಇದು. ಇಂದು ಮಂಗಳೂರು ದಸರಾಕ್ಕೆ ಇಲ್ಲಿ ನವದುರ್ಗೆಯರ ಮತ್ತು ಶಾರದೆಯ ಮೂರ್ತಿಗಳನ್ನಿಟ್ಟು ಪೂಜಿಸುತ್ತಾರೆ. ಕೊನೆಯ ದಿನದ ಮೆರವಣಿಗೆ ಊರೆಲ್ಲ ಸುತ್ತಿ ಬೆಳಗಿನ ಜಾವಕ್ಕೆ ಮರಳುತ್ತದೆ. ಒಳಗೆ ಬಿಡದ ಕಾಲದಿಂದ ಊರಿಗೆ ಊರೇ ಹೊರಡುವ ಮೆರವಣಿಗೆಯವರೆಗಿನ ದಾರಿಯನ್ನು ದೊಡ್ಡ ಮಕ್ಕಳಿಗೆ ಹೇಳಲೇಬೇಕು. ಚಿಕ್ಕವರನ್ನು ಮುಸ್ಸಂಜೆಯಲ್ಲೇ ಕರೆದೊಯ್ದು ದೀಪಾಲಂಕಾರ ತೋರಿಸಿ ಬೇಗ ಮರಳುವುದು ಲೇಸು. ಜನಜಂಗುಳಿಯಲ್ಲಿ ತಪ್ಪಿಸಿಕೊಂಡರೆಂಬ ಭಯಕ್ಕೆ, ಮನೆಯವರ ಫೋನ್ ನಂಬರನ್ನು ಚೀಟಿಯಲ್ಲಿ ಬರೆದು ಪ್ರತಿ ಮಗುವಿನ ಜೇಬಿಗೆ ಹಾಕಿರಬೇಕು.

<b>ತೆನೆಯ ಹಬ್ಬ, ಅಕ್ಷರದ ಹಬ್ಬ</b>

ಕರಾವಳಿಯ ಶರದೃತು ಎಂದರೆ ಹೊಸ ಅಕ್ಕಿಯ ಕಾಲ. ಗದ್ದೆಯಿಂದ ತೆನೆ ತಂದು ಪೂಜಿಸಿ, ಮನೆಯ ಬಾಗಿಲಿಗೆ, ಕಣಜಕ್ಕೆ, ಬಾವಿಕಟ್ಟೆಗೆ ಕಟ್ಟುತ್ತಾರೆ; ಹೊಸ ಅಕ್ಕಿಯ ಊಟ ಮಾಡುತ್ತಾರೆ. ಸೆಪ್ಟೆಂಬರ್ 8ರಂದು ಕೊಂಕಣಿ ಮಾತಾಡುವ ಕ್ರೈಸ್ತರ ಮನೆಗಳಲ್ಲಿ ಮೊಂತಿ ಹಬ್ಬ. ಮೇರಿಮಾತೆಯ ಜನ್ಮದಿನ ಅದು. ಒಂಬತ್ತು ದಿನ ಮಕ್ಕಳು ಬುಟ್ಟಿಗಳಲ್ಲಿ ಹೂ ತಂದು ಅರ್ಪಿಸುತ್ತಾರೆ. ಇಗರ್ಜಿಯಲ್ಲಿ ತೆನೆಗೆ ಆಶೀರ್ವಾದವಾಗುತ್ತದೆ, ಅದರ ಕಾಳನ್ನು ಸುಲಿದು ಊಟದಲ್ಲಿ ಎಲ್ಲರೂ ಹಂಚಿಕೊಳ್ಳುತ್ತಾರೆ. ಅಂದಿನ ಊಟ ಸಸ್ಯಾಹಾರದ್ದು. ದೇವರು, ಭಾಷೆ ಬೇರೆ ಬೇರೆ. ತೆನೆ ಮಾತ್ರ ಒಂದೇ ಗದ್ದೆಯದು. ಸಮಾಜಶಾಸ್ತ್ರದ ಪುಸ್ತಕ ಹೇಳುವುದಕ್ಕಿಂತ ಇದನ್ನು ನೋಡಿದರೆ ಮಕ್ಕಳಿಗೆ ಬೇಗ ತಿಳಿಯುತ್ತದೆ.

ಕುಂದಾಪುರದಿಂದ ಸುಮಾರು 40 ಕಿಲೋಮೀಟರ್ ದೂರದ ಕೊಲ್ಲೂರಿನಲ್ಲಿ ವಿಜಯದಶಮಿ ಅಕ್ಷರದ ಹಬ್ಬ. ಕರ್ನಾಟಕ, ಕೇರಳಗಳಿಂದ ಬಂದ ಪುಟಾಣಿಗಳು ಮೂಕಾಂಬಿಕೆಯ ಸನ್ನಿಧಿಯಲ್ಲಿ ಹರಿವಾಣದ ಅಕ್ಕಿಯ ಮೇಲೆ ಬೆರಳಿನಿಂದ ಮೊದಲ ಅಕ್ಷರ ಬರೆಯುತ್ತವೆ. ದಾರಿಯಲ್ಲಿ ಸ್ವಲ್ಪ ಬಳಸಿ ಮರವಂತೆಗೆ ಹೋದರೆ, ಹೆದ್ದಾರಿಯ ಒಂದು ಪಕ್ಕಕ್ಕೆ ಕಡಲು, ಇನ್ನೊಂದು ಪಕ್ಕಕ್ಕೆ ಸೌಪರ್ಣಿಕಾ ನದಿ.

ದೀಪಾವಳಿಗೆ ಉಳಿದುಕೊಂಡವರು ಬಲಿಪಾಡ್ಯದ ರಾತ್ರಿ ಗದ್ದೆಯ ಬದುಗಳಲ್ಲಿ ದೀಪ ಹಿಡಿದು, 'ಕೂ' ಎಂದು ಬಲಿಯೇಂದ್ರನನ್ನು ಕರೆಯುವ ಸದ್ದು ಕೇಳಬಹುದು. ಆಮೇಲೆ ಯಕ್ಷಗಾನ ಮೇಳಗಳು ಗೆಜ್ಜೆ ಕಟ್ಟುತ್ತವೆ, ಕಂಬಳದ ಕೋಣಗಳು ಕೆಸರುಗದ್ದೆಗೆ ಇಳಿಯುತ್ತವೆ, ಕಾರ್ತಿಕದ ಕೊನೆಗೆ ಧರ್ಮಸ್ಥಳದಲ್ಲಿ ಲಕ್ಷದೀಪೋತ್ಸವ.

<b>ಅಜ್ಜಿಯ ಮಾತು</b>

ಊರಿಗೆ ಬಂದವರು ನೀರಿಗೆ ಬಾರದಿರುತ್ತಾರೆಯೇ? ಕಡಲತೀರಕ್ಕೆ ಬಂದ ಮಕ್ಕಳನ್ನು ನೀರಿಗಿಳಿಯಬೇಡಿ ಎನ್ನುವುದು ಆಗದ ಮಾತು. ಆದರೆ ಮಳೆಗಾಲ ಮುಗಿದೊಡನೆ ಕಡಲು ಸಾಧುವಾಗುವುದಿಲ್ಲ. ಮಳೆಗಾಲದ ಅಲೆಗಳು ದಡದ ಮರಳನ್ನು ಕೊರೆದು ಅಲ್ಲಲ್ಲಿ ಹೊಂಡ ಮಾಡಿರುತ್ತವೆ. ದಡಕ್ಕೆ ನುಗ್ಗಿದ ನೀರು ಮರಳುವಾಗ ಇಂಥ ಕಿರಿದಾದ ಜಾಗ ಹಿಡಿದು ರಭಸದಿಂದ ಹೊರಗೆ ಓಡುತ್ತದೆ. ಈ ಸೆಳೆತವಿರುವ ಕಡೆ ಅಲೆ ಒಡೆಯುವುದು ಕಡಿಮೆ. ಹಾಗಾಗಿ ಅಕ್ಕಪಕ್ಕಕ್ಕಿಂತ ಅದೇ ಶಾಂತವಾಗಿ ಕಾಣುತ್ತದೆ. 'ಇಲ್ಲಿ ಅಲೆ ಇಲ್ಲ, ಇಲ್ಲಿ ಆಡಿ' ಎಂದು ದೊಡ್ಡವರೇ ಮಕ್ಕಳನ್ನು ಅಲ್ಲಿಗೆ ಕಳುಹಿಸುವುದುಂಟು. ದುರಂತ ಆರಂಭವಾಗುವುದು ಹೀಗೆ.

ಸೆಳೆತಕ್ಕೆ ಸಿಕ್ಕವರು ನೇರವಾಗಿ ದಡದತ್ತ ಈಜಲು ಹೆಣಗಿದರೆ ಸೋಲುತ್ತಾರೆ. ಗಾಬರಿಯಾಗದೆ ತೇಲುತ್ತಾ ಕೈಯೆತ್ತಿ ಕೂಗಬೇಕು. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬರಬೇಕು. ದಡದಲ್ಲಿರುವವರು ಈಜು ಬಾರದೆ ಹಿಂದೆಯೇ ಧುಮುಕಬಾರದು. ಹಗ್ಗ, ಖಾಲಿ ಕ್ಯಾನು, ತೇಲುವ ಏನನ್ನಾದರೂ ಎಸೆದು ಜೀವರಕ್ಷಕರನ್ನು ಕರೆಯಬೇಕು. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು, ಮೂವರು ಹೋದ ಕಥೆಗಳು ಕಡಲೂರುಗಳಿಗೆ ಹೊಸತಲ್ಲ.

ಪಂಚಾಂಗವನ್ನೂ ನೋಡಬೇಕು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರವಿಳಿತ ಹೆಚ್ಚು. ನವರಾತ್ರಿ ಶುರುವಾಗುವುದೇ ಮಹಾಲಯ ಅಮಾವಾಸ್ಯೆಯ ಮರುದಿನ. ವಿಜಯದಶಮಿ ಕಳೆದು ಐದನೆಯ ದಿನಕ್ಕೆ ಶೀಗೆ ಹುಣ್ಣಿಮೆ. ಅಲ್ಲಿಂದ ಹದಿನೈದು ದಿನಕ್ಕೆ ದೀಪಾವಳಿಯ ಅಮಾವಾಸ್ಯೆ. ಹಬ್ಬದ ರಜೆಗಳೂ ಕಡಲು ಉಬ್ಬುವ ದಿನಗಳೂ ಹೀಗೆ ಜೊತೆಯಾಗುತ್ತವೆ. ಇಳಿತದ ಹೊತ್ತಿಗೆ ನಡೆದು ಹೋದ ಬಂಡೆಯ ಸುತ್ತ ಆರು ಗಂಟೆಯೊಳಗೆ ನೀರು ತುಂಬಿರುತ್ತದೆ. ದ್ವೀಪದ ಪಾಚಿಗಟ್ಟಿದ ಕಲ್ಲುಗಳ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವ ಹುಚ್ಚಿಗೆ ಈ ಲೆಕ್ಕವೊಂದೇ ಮದ್ದು. ಅಕ್ಟೋಬರ್, ನವೆಂಬರ್ ಅರಬ್ಬಿ ಸಮುದ್ರದ ಚಂಡಮಾರುತಗಳ ಕಾಲವೂ ಹೌದು. 2019ರಲ್ಲಿ ಸರಿಯಾಗಿ ದೀಪಾವಳಿಯ ಹೊತ್ತಿಗೆ ಎದ್ದ 'ಕ್ಯಾರ್' ಚಂಡಮಾರುತ ಕರಾವಳಿಗೆ ಅಪ್ಪಳಿಸದೆ ಪಶ್ಚಿಮಕ್ಕೆ ಸರಿದರೂ ಕಡಲನ್ನು ಕೆರಳಿಸಿತ್ತು. ಕೆಂಪು ಬಾವುಟ ಕಟ್ಟಿದ್ದರೆ, 'ಇಷ್ಟು ದೂರ ಬಂದಿದ್ದೇವಲ್ಲ' ಎಂದು ವಾದಿಸುವವರ ಮಾತನ್ನು ಕಡಲು ಕೇಳುವುದಿಲ್ಲ.

ಶಾಲಾ ಪ್ರವಾಸಕ್ಕೆ ಕರೆತರುವ ಅಧ್ಯಾಪಕರಿಗೆ ಜವಾಬ್ದಾರಿ ಇನ್ನೂ ದೊಡ್ಡದು. ಐವತ್ತು ಮಕ್ಕಳನ್ನು ಇಬ್ಬರು ಕಾಯುವುದು ಆಗದ ಕೆಲಸ. ಹತ್ತು ಮಕ್ಕಳಿಗೆ ಒಬ್ಬರಂತೆ ದೊಡ್ಡವರು, ನೀರಿಗಿಳಿಯುವ ಮುನ್ನ ಮತ್ತು ಮೇಲೆ ಬಂದ ನಂತರ ಎಣಿಕೆ, ಮೊಣಕಾಲಿಗಿಂತ ಮೇಲೆ ನೀರು ಬಾರದಂತೆ ಎಲ್ಲೆ, ಕತ್ತಲಾದ ಮೇಲೆ ನೀರಿಗಿಳಿಯಬಾರದೆಂಬ ಕಟ್ಟುನಿಟ್ಟು. ಪ್ರವಾಸದ ಹಣ ಕಟ್ಟುವಾಗ ಹೆತ್ತವರು ಊಟ, ವಸತಿಯ ಬಗ್ಗೆ ಕೇಳುತ್ತಾರೆ. ನೀರಿನ ಬಳಿ ಕಾಯುವವರು ಯಾರೆಂದೂ ಕೇಳಬೇಕು.

ಉಳಿದಂತೆ ಅವಸರವೇ ಬೇಡ. ನಾಲ್ಕು ದಿನದಲ್ಲಿ ನಲವತ್ತು ಜಾಗ ನೋಡಿ ಬಂದ ಮಗುವಿಗೆ ನೆನಪಿರುವುದು ಕಾರಿನ ಸೀಟು ಮಾತ್ರ. ದಿನಕ್ಕೆ ಒಂದು ನೋಡುವ ಜಾಗ, ಒಂದು ಹಬ್ಬದ ಸಂಜೆ, ನಡುವೆ ಬಿಸಿ ಗೋಳಿಬಜೆ, ನೀರುದೋಸೆ ಇಷ್ಟಿದ್ದರೆ ರಜೆ ತುಂಬುತ್ತದೆ. ಶಾಲೆ ಮತ್ತೆ ತೆರೆದಾಗ 'ರಜೆಯಲ್ಲಿ ಏನು ಮಾಡಿದೆ?' ಎಂಬ ಪ್ರಬಂಧ ಬರೆಯಬೇಕಾಗಿ ಬಂದರೆ, ಕಲ್ಲಿನ ಕಂಬಗಳ ಬಗ್ಗೆಯೋ ಮುಡಿ ಕಚ್ಚಿದ ಹುಲಿಯ ಬಗ್ಗೆಯೋ ಮಗು ತಾನೇ ನಾಲ್ಕು ಪುಟ ಬರೆದೀತು. ಮನೆಯಲ್ಲಿ ಕಾಯುತ್ತಿರುವ ಅಜ್ಜಿಗಂತೂ, ಹೋದವರೆಲ್ಲ ನಗುತ್ತಾ ಮರಳಿ ಬಂದರೆ ಅದೇ ದೊಡ್ಡ ಹಬ್ಬ.