ತೊಗಟೆಯನ್ನೂ ಒಮ್ಮೆ ನೋಡೋಣ

ಮರವೆಂದರೆ ನಮ್ಮ ಬೆಳೆಗಾರರಿಗೆ ಮೊದಲು ನೆನಪಾಗುವುದು ನೆರಳು, ಆಮೇಲೆ ಘನ ಅಡಿಯ ಲೆಕ್ಕ. ತೊಗಟೆಯ ಮಾತು ಬಂದರೆ ಬಿಳಿ ಕಾಂಡಕೊರಕದ ಚಿಂತೆ. ಇದರಲ್ಲಿ ತಪ್ಪೇನೂ ಇಲ್ಲ. ಅದು ಹೊಟ್ಟೆಪಾಡಿನ ನೋಟ. ಆದರೆ ಅದೊಂದೇ ನೋಟದಿಂದ ನಾವು ಕಳೆದುಕೊಳ್ಳುತ್ತಿರುವುದೂ ಇದೆ ಎಂಬುದನ್ನು ಸದಸ್ಯ ಬಾಂಧವರ ಮುಂದಿಡಲು ಇಚ್ಛಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ತೋಟದ ದೊಡ್ಡದೊಂದು ಮತ್ತಿ ಮರವನ್ನು ಅನುಮತಿ ಪಡೆದು ಕಡಿಸಿದೆ. ಸಾಲದ ಕಂತು ಕಟ್ಟಬೇಕಾಗಿತ್ತು. ಆ ಜಾಗದಲ್ಲಿ ಸಿಲ್ವರ್ ಓಕ್ ನೆಟ್ಟೆ. ಕಡಿಯುವ ಹಿಂದಿನ ದಿನ ಮಗಳು ಮರದ ಬುಡಕ್ಕೆ ತೆಳುವಾದ ಬಿಳಿ ಕಾಗದ ಒತ್ತಿ ಹಿಡಿದು, ಮೇಣದ ಬಣ್ಣದ ಕಡ್ಡಿಯನ್ನು ಮಲಗಿಸಿ ಉಜ್ಜಿದಳು. ಮೊಸಳೆಯ ಬೆನ್ನಿನಂತಹ ಆ ತೊಗಟೆಯ ಬಿರುಕುಗಳೆಲ್ಲ ಕಾಗದದ ಮೇಲೆ ಎದ್ದು ಬಂದವು. ಮರದ ಹಣ ಕಂತಿಗೆ ಹೋಯಿತು. ಕಾಗದ ಇಂದಿಗೂ ಜಗಲಿಯ ಗೋಡೆಯಲ್ಲಿದೆ. ಮೂವತ್ತು ವರ್ಷ ಅದರ ಬುಡದಲ್ಲಿ ಓಡಾಡಿದ ನಾನು ಆ ಮರದ ಮೈಯನ್ನು ಸರಿಯಾಗಿ ನೋಡಿದ್ದು ಕಾಗದದಲ್ಲಿ ಎಂದು ಹೇಳಲು ಸಂಕೋಚವಾಗುತ್ತದೆ.

ಹೀಗೆ ಉಜ್ಜಿ ತೆಗೆಯುವುದು ಕೇವಲ ಮಕ್ಕಳಾಟವಲ್ಲ. ಜರ್ಮನಿಯ ಕಲಾವಿದ ಮ್ಯಾಕ್ಸ್ ಅರ್ನ್ಸ್ಟ್ 1925ರಲ್ಲಿ ನೆಲಹಾಸಿನ ಹಲಗೆಗಳ ಗೆರೆಗಳನ್ನು ಇದೇ ರೀತಿ ತೆಗೆದು ಅದನ್ನೊಂದು ಚಿತ್ರಕ್ರಮವನ್ನಾಗಿ ಬೆಳೆಸಿದ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಸಾಗರದ ಕಡೆಯ ದೀವರ ಹೆಂಗಸರು ಮದುವೆಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯುವುದು ಪುಂಡಿ ನಾರಿನ ಕುಂಚದಿಂದ. ಕೆಮ್ಮಣ್ಣು, ಅಕ್ಕಿಹಿಟ್ಟು, ಹುರಿದು ಕಪ್ಪಾದ ಅಕ್ಕಿ ಅವರ ಬಣ್ಣಗಳು. ಸುತ್ತಲಿನ ಗಿಡ ಮಣ್ಣುಗಳೇ ಅವರಿಗೆ ಸಾಮಗ್ರಿ.

ನಮ್ಮ ತೋಟದಲ್ಲಿ ನೋಡುವುದಕ್ಕೆ ಏನು ಕಡಿಮೆ? ನಂದಿ ಮರದ ಮೈ ಬೆಳ್ಳಗೆ ನುಣುಪಾಗಿದ್ದು ತೆಳ್ಳಗೆ ಹಕ್ಕಳೆ ಎದ್ದು ಉದುರುತ್ತದೆ. ಹೊನ್ನೆಗೆ ಗಾಯವಾದರೆ ರಕ್ತದಂತಹ ಕೆಂಪು ಅಂಟು ಒಸರುತ್ತದೆ. ಅಡಿಕೆ ಮರದ ಒಂದೊಂದು ಉಂಗುರವೂ ಒಂದೊಂದು ಸೋಗೆ ಕಳಚಿ ಬಿದ್ದ ಗುರುತು. ಮಳೆಗಾಲದಲ್ಲಿ ಇವುಗಳ ಮೇಲೆಲ್ಲ ಹಾವಸೆಯ ಹಸಿರು. ಫೋಟೋ ತೆಗೆಯಲು ಕೈಯಲ್ಲಿರುವ ಮೊಬೈಲೇ ಸಾಕು. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ತೊಗಟೆಯ ಉಬ್ಬುತಗ್ಗು ಎದ್ದು ಕಾಣುತ್ತದೆ. ಮಳೆ ನಿಂತ ಕೂಡಲೇ ತೆಗೆದರೆ ಬಣ್ಣ ಗಾಢವಾಗಿ ಬರುತ್ತದೆ. ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಲೇ ಹಕ್ಕಿಗಳ ಚಿತ್ರ ತೆಗೆದ ಪೂರ್ಣಚಂದ್ರ ತೇಜಸ್ವಿಯವರು ನಮ್ಮಂತೆ ಬೆಳೆಗಾರರೇ ಆಗಿದ್ದರು.

ಒಂದೆರಡು ಎಚ್ಚರಿಕೆಯ ಮಾತು. ಅರೇಬಿಕಾ ಗಿಡದ ಸಡಿಲ ತೊಗಟೆಯನ್ನು ಚೆಂದವೆಂದು ಬಿಡಬಾರದು. ಕಾಂಡಕೊರಕದ ದುಂಬಿ ಮೊಟ್ಟೆಯಿಡುವುದು ಅದರ ಬಿರುಕಿನಲ್ಲೇ, ಅದನ್ನು ಉಜ್ಜಿ ತೆಗೆಯಲೇಬೇಕು. ಹಾಗೆಯೇ ಕರಕುಶಲ ಕೆಲಸಕ್ಕೆಂದು ಜೀವಂತ ಮರದ ತೊಗಟೆ ಸುಲಿಯಬಾರದು. ಸುತ್ತಲೂ ಸುಲಿದರೆ ಮರ ಸಾಯುತ್ತದೆ. ಉದುರಿದ ಹಕ್ಕಳೆ, ಬಿದ್ದ ಅಡಿಕೆ ಹಾಳೆ ಬೇಕಾದಷ್ಟಿವೆ.

ಚಿತ್ರದಿಂದ ಸಾಲ ತೀರುತ್ತದೆಯೇ ಎಂದು ಕೆಲವರು ಕೇಳಬಹುದು. ತೀರುವುದಿಲ್ಲ. ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಬೇಕೆಂದಾಗ ಹಣವಾಗುತ್ತದೆ. ನಾನೂ ನೆಟ್ಟವನೇ, ಅದನ್ನು ಹಳಿಯಲಾರೆ. ಆದರೆ ಬರಿಯ ಸಿಲ್ವರ್ ಓಕ್ ಇರುವ ತೋಟದಲ್ಲಿ ಹತ್ತು ಮರಗಳ ಚಿತ್ರ ತೆಗೆದರೆ ಹತ್ತೂ ಒಂದೇ. ಹಿರಿಯರು ಬಿಟ್ಟುಹೋದ ಮಿಶ್ರ ನೆರಳಿನಲ್ಲಿ ಹತ್ತೂ ಬೇರೆ ಬೇರೆ. ಈ ವ್ಯತ್ಯಾಸ ಕಣ್ಣಿಗೆ ಬಿದ್ದವನು ಮುಂದಿನ ಮರಕ್ಕೆ ಗುರುತು ಹಾಕುವ ಮುನ್ನ ಒಂದು ಗಳಿಗೆ ಯೋಚಿಸುತ್ತಾನೆ. ನನಗೆ ಬೇಕಾದುದು ಆ ಒಂದು ಗಳಿಗೆ.

ಆದುದರಿಂದ ನನ್ನ ಸಲಹೆ ಇಷ್ಟೆ: ಪ್ರತಿಯೊಬ್ಬ ಸದಸ್ಯರೂ ತಮ್ಮ ತೋಟದ ಹಳೆಯ ಮರವೊಂದರ ತೊಗಟೆಯ ಫೋಟೋವನ್ನಾಗಲಿ, ಮನೆಯ ಮಕ್ಕಳು ಉಜ್ಜಿ ತೆಗೆದ ಕಾಗದವನ್ನಾಗಲಿ ಮುಂದಿನ ಮಹಾಸಭೆಗೆ ತರಬೇಕು. ಮರದ ಹೆಸರನ್ನೂ, ನೆಟ್ಟವರು ಯಾರೆಂದು ತಿಳಿದಿದ್ದರೆ ಅದನ್ನೂ ಕೆಳಗೆ ಬರೆಯಿರಿ. ಸಭೆಯ ಗೋಡೆಗೆ ತೂಗುಹಾಕುವ ಕೆಲಸ ನನ್ನದು. ಮತ್ತಿಯ ಕಾಗದವನ್ನು ನಾನೂ ತರುತ್ತೇನೆ.